ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಸ್ಪೆಲ್ಲಿಂಗ್: ಮೊದಲು ಕಿವಿ, ಆಮೇಲೆ ನಿಯಮ

ಆರೇಳು ವರ್ಷದ ಮಕ್ಕಳಿಗೆ ಮೊದಲು ಕಲಿಸಬೇಕಾದ ಮೂರು ನಿಯಮಗಳೂ ಒಂದೇ ಪ್ರಶ್ನೆಯ ಮೇಲೆ ನಿಂತಿವೆ: ಪದದೊಳಗಿನ ಸ್ವರಾಕ್ಷರ ತನ್ನ ಹೆಸರನ್ನೇ ಹೇಳುತ್ತಿದೆಯೇ? 'ಕೈಟ್'ನಲ್ಲಿ 'ಐ' ತನ್ನ ಹೆಸರು ಹೇಳುತ್ತದೆ, 'ಕಿಟ್'ನಲ್ಲಿ ಇಲ್ಲ. ಹ್ರಸ್ವ, ದೀರ್ಘ ಎಂದು ವಿವರಿಸಲು ಹೋಗಬೇಡಿ. ಕನ್ನಡದ ಕಿವಿಗೆ 'ಹಾಪ್' ದೀರ್ಘ, ಇಂಗ್ಲಿಷ್ ಲೆಕ್ಕದಲ್ಲಿ ಅದು ಹ್ರಸ್ವ. ಮಗು ಅಲ್ಲೇ ಗೊಂದಲಕ್ಕೆ ಬೀಳುತ್ತದೆ. ನೀವು ಪದ ಹೇಳಿ, ಹೆಸರು ಕೇಳಿಸಿದರೆ ಮಗು ಕೈ ಎತ್ತಲಿ. ದಿನಕ್ಕೆ ಐದು ನಿಮಿಷ, ತಪ್ಪು ನಿಲ್ಲುವವರೆಗೆ.

ಆಮೇಲೆ ಮೊದಲ ನಿಯಮ: ಕೊನೆಯ 'ಇ'. ಉದ್ದನೆಯ ಕಾಗದದ ಪಟ್ಟಿಯಲ್ಲಿ ಕೆ-ಐ-ಟಿ-ಇ ಎಂದು ದೊಡ್ಡದಾಗಿ ಬರೆದು, 'ಇ' ಇರುವ ತುದಿಯನ್ನು ಹಿಂದಕ್ಕೆ ಮಡಚಿ. ಮಡಚಿದಾಗ 'ಕಿಟ್', ಬಿಡಿಸಿದಾಗ 'ಕೈಟ್'. ಕ್ಯಾಪ್-ಕೇಪ್, ಹಾಪ್-ಹೋಪ್ ಜೋಡಿಗಳಿಗೂ ಹೀಗೇ ಪಟ್ಟಿ ಮಾಡಿ. 'ಇ' ಏನು ಮಾಡುತ್ತಿದೆ ಎಂದು ಮಗುವೇ ಹೇಳಲಿ, ನೀವು ಬಾಯಿ ಬಿಡಬೇಡಿ. ಹ್ಯಾವ್, ಗಿವ್, ಲವ್ ಬಂದಾಗ ನಿಯಮ ಮುರಿದಂತೆ ಕಾಣುತ್ತದೆ. ಇಂಗ್ಲಿಷ್ ಪದಗಳು ಸಾಮಾನ್ಯವಾಗಿ 'ವಿ'ಯಲ್ಲಿ ಮುಗಿಯುವುದಿಲ್ಲ, ಅದಕ್ಕೇ ಅಲ್ಲಿ 'ಇ' ಇದೆ. ಕಮ್, ಸಮ್ ಮಾತ್ರ ಬಾಯಿಪಾಠವೇ ಗತಿ.

ಮೂರನೆಯದಕ್ಕಿಂತ ಎರಡನೆಯ ನಿಯಮ ಸುಲಭ: ಕೊನೆಯ 'ಕ್' ಶಬ್ದ. ಹೆಸರು ಹೇಳದ ಒಂಟಿ ಸ್ವರದ ಬೆನ್ನಿಗೇ ಬಂದರೆ ಸಿ-ಕೆ ಎರಡೂ ಬೇಕು: ಬ್ಯಾಕ್, ನೆಕ್, ಡಕ್. ನಡುವೆ ಇನ್ನೊಂದು ವ್ಯಂಜನ ಬಂದರೆ ಬರೀ 'ಕೆ': ಮಿಲ್ಕ್, ಡೆಸ್ಕ್. 'ಬುಕ್'ನಲ್ಲಿ ಸ್ವರಾಕ್ಷರ ಎರಡಿವೆ, ಹಾಗಾಗಿ ಅಲ್ಲೂ 'ಕೆ' ಒಂದೇ.

ಮಕ್ಕಳು ಹೆಚ್ಚು ಎಡವುವುದು ಮೂರನೆಯ ನಿಯಮದಲ್ಲಿ, 'ಇಂಗ್' ಸೇರಿಸುವಾಗ. ಒಂದೇ ಉಚ್ಚಾರಾಂಶ, ಒಂದೇ ಸ್ವರಾಕ್ಷರ, ಕೊನೆಗೆ ಒಂದೇ ವ್ಯಂಜನ: ಮೂರೂ ಇದ್ದರೆ ಆ ವ್ಯಂಜನ ಇಮ್ಮಡಿಯಾಗುತ್ತದೆ. 'ಹಾಪಿಂಗ್'ಗೆ ಎರಡು 'ಪಿ'. ಒಂದೇ ಬರೆದರೆ ಅದು 'ಹೋಪಿಂಗ್' ಆಗಿಬಿಡುತ್ತದೆ, ಏಕೆಂದರೆ 'ಹೋಪ್' ತನ್ನ 'ಇ' ಬಿಟ್ಟುಕೊಟ್ಟು 'ಇಂಗ್' ಸೇರಿಸಿಕೊಳ್ಳುತ್ತದೆ. 'ಜಂಪ್'ನ ಕೊನೆಗೆ ವ್ಯಂಜನ ಎರಡು, 'ರೇನ್'ನಲ್ಲಿ ಸ್ವರಾಕ್ಷರ ಎರಡು. ಎರಡಕ್ಕೂ ಇಮ್ಮಡಿ ಇಲ್ಲ. ಡಬ್ಲ್ಯೂ, ಎಕ್ಸ್, ವೈ ಕೊನೆಯಲ್ಲಿದ್ದರೂ ಇಲ್ಲ. ಮೊದಲೆರಡು ನಿಯಮ ಕೈಗೆ ಹತ್ತದೆ ಇದಕ್ಕೆ ಕೈ ಹಾಕಿದರೆ ಎಲ್ಲವೂ ಕಲಸಿಹೋಗುತ್ತದೆ.

ವಾರಕ್ಕೆ ಒಂದೇ ನಿಯಮ, ದಿನಕ್ಕೆ ಆರು ಪದ: ನಾಲ್ಕು ಹೊಸ ನಿಯಮದವು, ಒಂದು ಹಳೆಯದು, ಒಂದು ಅಪವಾದ. ಉಕ್ತಲೇಖನವಾಗಿಯೇ ಬರೆಸಿ. ಹತ್ತು ಸಲ ನಕಲು ಮಾಡಿಸಿದರೆ ಜಾಣ ಮಕ್ಕಳು ಮೊದಲ ಅಕ್ಷರವನ್ನು ಮೇಲಿಂದ ಕೆಳಗೆ ಹತ್ತು ಸಲ, ಆಮೇಲೆ ಎರಡನೆಯದನ್ನು ಹತ್ತು ಸಲ ಬರೆದು ಮುಗಿಸುತ್ತಾರೆ. ಪದ ತಲೆಗೆ ಹೋಗುವುದೇ ಇಲ್ಲ. ತಿದ್ದುವಾಗ ಆ ವಾರದ ನಿಯಮದ ತಪ್ಪಿಗೆ ಮಾತ್ರ ಸುತ್ತು ಹಾಕಿ, ಬರೆದದ್ದನ್ನು ಇದ್ದಂತೆಯೇ ಗಟ್ಟಿಯಾಗಿ ಓದಿಸಿ. ಹೆಚ್ಚಿನ ಸಲ ಮಗು ತಾನೇ ರಬ್ಬರ್ ಕೇಳುತ್ತದೆ.