ಜಾಕ್ಸನ್ ಹೈಟ್ಸ್: ಅಕ್ಕಿ ಮೂಟೆ ಕಾರಿಗೆ ಹಾಕುವ ಮುನ್ನ

ನ್ಯೂಜೆರ್ಸಿಯ ಮಗನ ಮನೆಗೋ ಮಗಳ ಮನೆಗೋ ಬಂದ ನಮ್ಮವರು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರುವ ಜಾಕ್ಸನ್ ಹೈಟ್ಸ್‌ಗೆ ಒಮ್ಮೆಯಾದರೂ ಹೋಗುತ್ತಾರೆ. 74ನೇ ಸ್ಟ್ರೀಟ್‌ನಲ್ಲಿ ಸೀರೆ ನೋಡಿ, ಪಟೇಲ್ ಬ್ರದರ್ಸ್‌ನಲ್ಲಿ ಅಕ್ಕಿ ಬೇಳೆ ತುಂಬಿಕೊಂಡು ಹೊರಟುಬಿಡುತ್ತಾರೆ. ಅಷ್ಟಕ್ಕೇ ನಿಲ್ಲಿಸುವುದು ದೊಡ್ಡ ನಷ್ಟ. ಬಾಂಗ್ಲಾದೇಶಿ, ನೇಪಾಳಿ, ಟಿಬೆಟನ್, ಕೊಲಂಬಿಯನ್, ಈಕ್ವೆಡಾರ್, ಮೆಕ್ಸಿಕೊ ಜನರ ದಿನನಿತ್ಯದ ಬದುಕು ಅಲ್ಲಿಂದ ಹತ್ತು ನಿಮಿಷದ ನಡಿಗೆಯೊಳಗೇ ಇದೆ. ಮೂರು ಗಂಟೆ ಸಮಯ, ಸವೆದ ಚಪ್ಪಲಿಯ ಬದಲು ಒಳ್ಳೆಯ ಶೂ, ಚಿಲ್ಲರೆಯಾಗಿ 40 ಡಾಲರ್ ಇದ್ದರೆ ಸಾಕು. ಚಿಲ್ಲರೆ ಏಕೆಂದರೆ ಬಹಳಷ್ಟು ತಳ್ಳುಗಾಡಿಗಳಲ್ಲಿ ಕಾರ್ಡ್ ನಡೆಯುವುದಿಲ್ಲ.

ಕಾರು ಬೇಡ. ಬೀದಿ ಬದಿಯ ಫೈರ್ ಹೈಡ್ರಂಟ್‌ನಿಂದ (ಅಗ್ನಿಶಾಮಕದವರು ನೀರು ಹಿಡಿಯುವ ನಲ್ಲಿ) 15 ಅಡಿ ಒಳಗೆ ಗಾಡಿ ನಿಲ್ಲಿಸಿದರೆ 115 ಡಾಲರ್ ದಂಡ, ಆ ಜಾಗಕ್ಕೆ ಬಣ್ಣದ ಗುರುತೂ ಇರುವುದಿಲ್ಲ. ನ್ಯೂಜೆರ್ಸಿ ರೈಲಿನಲ್ಲಿ ಪೆನ್ ಸ್ಟೇಷನ್‌ಗೆ ಬಂದು, ಅಲ್ಲೇ ಜಮೈಕಾ ಕಡೆಗೆ ಹೋಗುವ 'ಇ' ಸಬ್‌ವೇ ಹಿಡಿದು ಜಾಕ್ಸನ್ ಹೈಟ್ಸ್–ರೂಸ್‌ವೆಲ್ಟ್ ಅವೆನ್ಯೂದಲ್ಲಿ ಇಳಿಯಿರಿ. ಮಂಡಿನೋವಿನವರಿಗೆ ಎರಡೂ ಕಡೆ ಲಿಫ್ಟ್ ಇದೆ. 7ನೇ ನಂಬರಿನ ರೈಲಿನಲ್ಲಿ ಬರುವವರು ಒಂದು ವಿಷಯ ನೆನಪಿಡಬೇಕು: ವೃತ್ತದೊಳಗೆ 7 ಎಂದಿದ್ದರೆ ಹತ್ತಿ, ವಜ್ರಾಕಾರದೊಳಗಿದ್ದರೆ ಬಿಡಿ. ಅದು ಎಕ್ಸ್‌ಪ್ರೆಸ್, ಇದೇ ಜಾಗದ 74ನೇ ಸ್ಟ್ರೀಟ್ ನಿಲ್ದಾಣದಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ. 2026ರ ಜನವರಿಯಿಂದ ಸಬ್‌ವೇ ಟಿಕೆಟ್ 3 ಡಾಲರ್. ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಬಹುದು. ಎರಡು ಗಂಟೆಯೊಳಗೆ ಬಸ್ಸಿಗೆ ಬದಲಾದರೆ ಮತ್ತೆ ಹಣ ಹೋಗುವುದಿಲ್ಲ. ಆದರೆ ರೈಲಿಗೆ ಕಾರ್ಡ್ ತಾಗಿಸಿ ಬಸ್ಸಿಗೆ ಫೋನ್ ತಾಗಿಸಿದರೆ ಎರಡನ್ನೂ ಬೇರೆ ಬೇರೆ ಎಂದು ಲೆಕ್ಕ ಹಿಡಿದು ಎರಡು ಸಲ ಹಣ ಕಡಿತವಾಗುತ್ತದೆ.

ವಿಳಾಸ ಓದುವುದನ್ನು ಮೊದಲೇ ಕಲಿತುಬಿಡಿ. ಇಲ್ಲಿ 'ಸ್ಟ್ರೀಟ್' ಉತ್ತರ–ದಕ್ಷಿಣ, 'ಅವೆನ್ಯೂ' ಪೂರ್ವ–ಪಶ್ಚಿಮ. 37ನೇ ಅವೆನ್ಯೂ ಬೇರೆ, 37ನೇ ರೋಡ್ ಬೇರೆ. ಮ್ಯಾಪ್‌ನಲ್ಲಿ ದಾರಿ ತಪ್ಪುವುದು ಇಲ್ಲೇ. '37-27, 74ನೇ ಸ್ಟ್ರೀಟ್' ಎಂದರೆ ಅಂಗಡಿ 74ನೇ ಸ್ಟ್ರೀಟ್‌ನಲ್ಲಿದೆ, 37ನೇ ಅವೆನ್ಯೂ ಕೂಡುವ ಮೂಲೆಯಿಂದ ನಂಬರು ಶುರುವಾಗಿದೆ ಎಂದರ್ಥ. ಅಡ್ಡಗೆರೆಗೆ ಮೊದಲಿನ ಅಂಕೆ ಸಾಮಾನ್ಯವಾಗಿ ಅಡ್ಡರಸ್ತೆಯದು.

ಹೋಗುವ ದಾರಿ ಹೀಗಿರಲಿ: ಸ್ಟೇಷನ್‌ನಿಂದ 37ನೇ ರೋಡ್‌ನ ಡೈವರ್ಸಿಟಿ ಪ್ಲಾಜಾ ಎಂಬ ಚೌಕ, ಅಲ್ಲಿಂದ 73ನೇ ಸ್ಟ್ರೀಟ್, ಮತ್ತೆ ರೂಸ್‌ವೆಲ್ಟ್ ಅವೆನ್ಯೂಗೆ ಬಂದು ರೈಲು ಹಳಿಯ ಕೆಳಗೇ ಪೂರ್ವಕ್ಕೆ 82ನೇ ಸ್ಟ್ರೀಟ್‌ವರೆಗೆ. ಎಡಕ್ಕೆ ತಿರುಗಿ 34ನೇ ಅವೆನ್ಯೂವರೆಗೆ ಹತ್ತಿ, ಅದರಲ್ಲಿ ವಾಪಸು 74ಕ್ಕೆ. ಪಟೇಲ್ ಬ್ರದರ್ಸ್ ಕೊನೆಗೆ.

73ನೇ ಸ್ಟ್ರೀಟ್ ಬಾಂಗ್ಲಾದೇಶದ್ದು. ಆ ರಸ್ತೆ 37ನೇ ಅವೆನ್ಯೂ ಸೇರುವಲ್ಲಿ ಫುಚ್ಕಾ ಗಾಡಿಗಳಿವೆ. ನೋಡಲು ನಮ್ಮ ಪಾನಿಪುರಿಯೇ. ಪೂರಿಯ ತಲೆ ಒಡೆದು, ಬಟಾಣಿ–ಆಲೂ ತುಂಬಿ, ಮೇಲೆ ಬೇಯಿಸಿದ ಮೊಟ್ಟೆಯನ್ನು ಕೊಬ್ಬರಿ ತುರಿಯಂತೆ ತುರಿದು ಉದುರಿಸುತ್ತಾರೆ, ಹುಣಸೆ ನೀರು ಪಕ್ಕದ ಬಟ್ಟಲಲ್ಲಿ. ಮೊಟ್ಟೆ ತಿನ್ನದವರು ತಟ್ಟೆ ತಯಾರಾಗುವ ಮೊದಲೇ 'ಡಿಮ್ ಛಾಡಾ' ಎನ್ನಬೇಕು. ಉದುರಿದ ಮೇಲೆ ಹೇಳಿ ಪ್ರಯೋಜನವಿಲ್ಲ. ಜಾಲ್‌ಮುಡಿ ನಮ್ಮ ಚುರುಮುರಿಯ ದಾಯಾದಿ, ಆದರೆ ಅದಕ್ಕೆ ಹಸಿ ಸಾಸಿವೆ ಎಣ್ಣೆ ಹಾಕುತ್ತಾರೆ. ಮೂಗಿಗೆ ಏರುವ ಆ ಘಾಟು ಒಗ್ಗದಿದ್ದರೆ ಎಣ್ಣೆ ಕಡಿಮೆ ಹಾಕಲು ಹೇಳಿ. ಹಿಂದಿಯಲ್ಲಿ ಕೇಳಿದರೂ ನಡೆಯುತ್ತದೆ.

ಮೋಮೊ ಅಂಗಡಿಗಳಲ್ಲಿ ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆ 'ವೆಜ್ ಇದೆಯಾ' ಎಂಬುದಲ್ಲ, 'ಬೇರೆ ಪಾತ್ರೆಯಲ್ಲಿ ಬೇಯಿಸ್ತೀರಾ' ಎಂಬುದು. ಇಡ್ಲಿ ಪಾತ್ರೆಯಂತೆ ತೂತಿನ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಹಬೆ ಕೊಡುವುದರಿಂದ ಮೇಲಿನ ತಟ್ಟೆಯ ದನದ ಮಾಂಸದ ರಸ ಕೆಳಗಿನ ತಟ್ಟೆಗೆ ಇಳಿಯುತ್ತದೆ. ಅನುಮಾನವಿದ್ದರೆ ಲಾಫಿಂಗ್ ತಿನ್ನಿ. ಹೆಸರುಕಾಳಿನ ಪಿಷ್ಟವನ್ನು ಗಟ್ಟಿಯಾಗಿಸಿ ಪಟ್ಟಿ ಕತ್ತರಿಸಿ, ಬೆಳ್ಳುಳ್ಳಿ ನೀರು, ಸೋಯಾ ಸಾಸ್, ಮೆಣಸಿನೆಣ್ಣೆ ಸುರಿದ ತಣ್ಣನೆಯ ತಿಂಡಿ ಅದು. ಖಾರ ಕಡಿಮೆ ಎಂದು ಹೇಳದಿದ್ದರೆ ಕಣ್ಣಲ್ಲಿ ನೀರು ಬರುತ್ತದೆ. ಇಲ್ಲಿನ ಟಿಬೆಟನ್ನರಲ್ಲಿ ಭಾರತದಲ್ಲೇ ಹುಟ್ಟಿ ಬೆಳೆದವರು ಎಷ್ಟೋ ಮಂದಿ. ನೀವು ಕರ್ನಾಟಕದವರೆಂದು ಹೇಳಿ ನೋಡಿ. ಬೈಲಕುಪ್ಪೆಯ ಅಥವಾ ಮುಂಡಗೋಡಿನ ಸಂಬಂಧವಿರುವವರು ಸಿಕ್ಕರೂ ಸಿಗಬಹುದು.

ರೂಸ್‌ವೆಲ್ಟ್ ಅವೆನ್ಯೂದಲ್ಲಿ ತಲೆಯ ಮೇಲೆ ರೈಲು ಹೋದಾಗ ಮಾತು ನಿಲ್ಲಿಸಿ ಕಾಯಬೇಕು, ಅಲ್ಲಿನ ವ್ಯಾಪಾರಿಗಳೂ ಹಾಗೇ ಮಾಡುತ್ತಾರೆ. ಇಲ್ಲಿಂದ ಮುಂದೆ ಸ್ಪ್ಯಾನಿಷ್. 'ಸಿನ್ ಕಾರ್ನೆ' ಎಂದರೆ ಮಾಂಸವಿಲ್ಲದ್ದು. ಆದರೆ 'ಕಾರ್ನೆ' ಎಂದಾಗ ಅನೇಕರ ಮನಸ್ಸಿಗೆ ಬರುವುದು ದನ, ಹಂದಿ ಮಾತ್ರ, ಕೋಳಿ ಹಾಕಿಬಿಡುತ್ತಾರೆ. ಆದ್ದರಿಂದ 'ಸಿನ್ ಕಾರ್ನೆ, ಸಿನ್ ಪೊಯೊ' ಎನ್ನಿ. ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಜೋಳದ ತಿಂಡಿ ತಮಾಲೆಯ ಹಿಟ್ಟಿಗೂ ಬೇಯಿಸಿದ ಕಾಳಿಗೂ 'ಮಾಂತೆಕಾ', ಅಂದರೆ ಹಂದಿ ಕೊಬ್ಬು, ಸೇರಿರುವುದು ಸಾಮಾನ್ಯ, ಅದನ್ನೂ ಕೇಳಿ. ಕಾವಲಿಯ ಮೇಲೆ ಸುಟ್ಟು ಚೀಸ್ ಹಾಕಿದ ಜೋಳದ ಅರೆಪಾ ನಮ್ಮ ನಾಲಿಗೆಗೆ ಬೇಗ ಒಗ್ಗುತ್ತದೆ. ಇಲ್ಲಿ ಜೋಳ ಎಂದರೆ ಮುಸುಕಿನ ಜೋಳ, ರೊಟ್ಟಿಯ ಬಿಳಿಜೋಳವಲ್ಲ.

ಇಲ್ಲಿನ ತರಕಾರಿ ಅಂಗಡಿಗೆ ತಪ್ಪದೆ ನುಗ್ಗಿ. 'ಚಯೋಟೆ' ಎಂದು ಬರೆದಿರುವುದು ನಮ್ಮ ಸೀಮೆಬದನೆಕಾಯಿ, ಅದರ ತವರೇ ಮೆಕ್ಸಿಕೊ ಕಡೆ. 'ಪ್ಲಾತಾನೊ' ಬಾಳೆಕಾಯಿ, 'ಯೂಕಾ' ಮರಗೆಣಸು. ಯೂಕಾ ಒಣಗದಿರಲೆಂದು ಮೇಣ ಹಚ್ಚಿರುತ್ತಾರೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ತುದಿ ಮುರಿದು ತೋರಿಸಲು ಹೇಳಿ: ಒಳಗೆ ಅಚ್ಚ ಬಿಳಿ ಇದ್ದರೆ ತಾಜಾ, ನೀಲಿ–ಕಪ್ಪು ಗೆರೆ ಇದ್ದರೆ ಹಳತು. ಮನೆಯಲ್ಲಿ ಸಿಪ್ಪೆ ದಪ್ಪಗೆ ಹೆರೆದು, 25–30 ನಿಮಿಷ ಬೇಯಿಸಿ, ನಡುವಿನ ನಾರು ಎಳೆದು ಒಗ್ಗರಣೆ ಹಾಕಿ.

ಫೋಟೊ ವಿಷಯದಲ್ಲಿ ಜಾಗ್ರತೆ. ಬೀದಿ ವ್ಯಾಪಾರಿಗಳಲ್ಲಿ ಪರವಾನಗಿ ಇಲ್ಲದವರು, ವಲಸೆ ಕಾಗದಪತ್ರ ಸರಿಯಿಲ್ಲದವರು ಇದ್ದಾರೆ. ನೀವು ಹಾಕುವ ವೀಡಿಯೊದಲ್ಲಿ ಒಂದು ಮುಖ ಕಂಡರೆ ಒಂದು ಮನೆಯ ಅನ್ನಕ್ಕೇ ಕುತ್ತು ಬರಬಹುದು. ಮೊದಲು ಏನಾದರೂ ಕೊಳ್ಳಿ, ಕೇಳಿ, ತಿಂಡಿಯ ಚಿತ್ರ ಮಾತ್ರ ತೆಗೆಯಿರಿ. ಬೇಡ ಎಂದರೆ ಫೋನು ಜೇಬಿಗೆ.

34ನೇ ಅವೆನ್ಯೂಗೆ ಬಂದರೆ ಗದ್ದಲ ನಿಂತುಬಿಡುತ್ತದೆ. 2020ರಿಂದ 69ನೇ ಸ್ಟ್ರೀಟ್‌ನಿಂದ ಜಂಕ್ಷನ್ ಬುಲವಾರ್ಡ್‌ವರೆಗೆ 26 ಬ್ಲಾಕ್ ರಸ್ತೆ ಬೆಳಗ್ಗೆ 7ರಿಂದ ರಾತ್ರಿ 8ರವರೆಗೆ ನಡೆಯುವವರಿಗೆ ಮೀಸಲು. ಮಕ್ಕಳ ಸೈಕಲ್, ಅಜ್ಜಿಯರ ಹರಟೆ ಎಲ್ಲಾ ಇಲ್ಲಿ. ಇಕ್ಕೆಲದ ಇಟ್ಟಿಗೆ ಕಟ್ಟಡಗಳು, ಒಳಗೆ ಅಂಗಳದ ತೋಟವಿಟ್ಟು ಕಟ್ಟಿದವು, ಸುಮಾರು ನೂರು ವರ್ಷ ಹಳೆಯವು. ಆಗ ಇಲ್ಲಿ ಯಹೂದಿಗಳಿಗೂ ಕಪ್ಪು ಜನರಿಗೂ ಮನೆ ಕೊಡುತ್ತಿರಲಿಲ್ಲ. 1965ರ ವಲಸೆ ಕಾನೂನು ಬಂದ ಮೇಲೆ ಅದೇ ಬೀದಿಗೆ ಲೋಕವೇ ಬಂದು ಸೇರಿತು. ಟಾಯ್ಲೆಟ್ ಬೇಕಾದರೆ 81ನೇ ಸ್ಟ್ರೀಟ್‌ನ ಸಾರ್ವಜನಿಕ ಲೈಬ್ರರಿ ಇದೆ, ಭಾನುವಾರ ಮಾತ್ರ ನಂಬಿಕೊಳ್ಳಬೇಡಿ.

ಈಗ ಪಟೇಲ್ ಬ್ರದರ್ಸ್. ದಿನಸಿಗೆ ತೆರಿಗೆ ಇಲ್ಲ. ಬಟ್ಟೆಗೆ ಒಂದೊಂದು 110 ಡಾಲರ್‌ಗಿಂತ ಕಡಿಮೆಯಿದ್ದರೆ ಇಲ್ಲ, ಅದಕ್ಕೆ ಮೇಲ್ಪಟ್ಟರೆ 8.875 ಶೇಕಡಾ. ಅವರೆಕಾಳು ಹುಡುಕುವವರು ಫ್ರೀಜರ್‌ನಲ್ಲಿ ಗುಜರಾತಿ ಹೆಸರು ನೋಡಬೇಕು. 'ಪಾಪ್ಡಿ ಲಿಲ್ವಾ' ಎಂದರೆ ಅವರೆಕಾಳು, 'ತುವೇರ್ ಲಿಲ್ವಾ' ಎಂದರೆ ಹಸಿ ತೊಗರಿಕಾಳು. ಎರಡೂ ಹಸಿರು, ಎರಡೂ ಒಂದೇ ಥರದ ಪ್ಯಾಕೆಟ್, ಅವಸರದಲ್ಲಿ ಅದಲುಬದಲಾಗುತ್ತದೆ. ನ್ಯೂಜೆರ್ಸಿಯ ಎಡಿಸನ್ ಕಡೆಯವರಿಗೆ ಮನೆ ಸೇರಲು ಒಂದೂವರೆ ಗಂಟೆಯಾದರೂ ಬೇಕು. ಪ್ಯಾಕೆಟ್‌ಗಳನ್ನು ಒಂದಕ್ಕೊಂದು ಒತ್ತಿ ಟವೆಲ್ ಸುತ್ತಿ ಚೀಲದ ನಡುವೆ ಇಡಿ. ಮನೆ ಮುಟ್ಟುವಷ್ಟರಲ್ಲಿ ಕರಗಿದ್ದರೆ ಮತ್ತೆ ಫ್ರೀಜರ್‌ಗೆ ಹಾಕದೆ ಆ ರಾತ್ರಿಯೇ ಹುಳಿ ಮಾಡಿಬಿಡಿ.