ತೋಟದ ಆಫೀಸಿನ ಎಕ್ಸ್‌ಪಿ, ಮನೆಯ ವಿಂಡೋಸ್ 10: ಫೈಲ್ ಹಂಚಿಕೆ ಸಾಧ್ಯವಾದದ್ದು ಹೀಗೆ

ತೋಟದ ಆಫೀಸಿನ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನ ಫೈಲುಗಳನ್ನು ಮನೆಯಲ್ಲಿ ತೆರೆಯುವುದು ಹೇಗೆ ಎಂದು ಕೇಳಿದಾಗ, ಅದನ್ನು ಗುಜರಿಗೆ ಹಾಕಿ ಎಂದವರೇ ಹೆಚ್ಚು. ಕುಶಾಲನಗರದ ಅಂಗಡಿಯೊಂದರಲ್ಲಿ ಹೊಸ ಕಂಪ್ಯೂಟರ್, ಲೆಕ್ಕದ ಸಾಫ್ಟ್‌ವೇರ್, ಪ್ರಿಂಟರ್ ಎಲ್ಲ ಸೇರಿಸಿ ಅರುವತ್ತು ಸಾವಿರದ ಹತ್ತಿರ ಹೇಳಿದರು. ನಮ್ಮ ಚೆಕ್‌ರೋಲ್ (ಕೆಲಸಗಾರರ ಹಾಜರಿ, ಕೂಲಿಯ ಲೆಕ್ಕ) ಸಾಫ್ಟ್‌ವೇರ್ ಓಡುವುದು ಎಕ್ಸ್‌ಪಿಯಲ್ಲಿ ಮಾತ್ರ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೂ ಅದಕ್ಕೇ ಜೋಡಿಸಿದ್ದು. ಎರಡೂ ಇನ್ನೂ ಗಟ್ಟಿಯಾಗಿವೆ. ಅಲ್ಲಿಯ ಫೈಲುಗಳು ಮನೆಯಲ್ಲಿ ತೆರೆದುಕೊಂಡರೆ ಸಾಕಿತ್ತು. ಮೂರು ಸಾವಿರದೊಳಗೆ ಕೆಲಸ ಮುಗಿಸಿದ್ದೇನೆ.

ವಿಂಡೋಸ್ ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವ ಭಾಷೆ ಎಸ್‌ಎಂಬಿ. ಎಕ್ಸ್‌ಪಿಗೆ ಗೊತ್ತಿರುವುದು ಅದರ ಹಳೆಯ ರೂಪವಾದ ಎಸ್‌ಎಂಬಿ 1 ಒಂದೇ. ವಿಂಡೋಸ್ 10ರಲ್ಲಿ 1709ನೇ ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ಕಿತ್ತುಹಾಕುತ್ತಾ ಬಂದಿದೆ. ವಿಂಡೋಸ್ ಫೀಚರ್ಸ್‌ಗೆ ಹೋಗಿ ಟಿಕ್ ಹಾಕಿದರೆ ಆಯಿತು ಎನ್ನುತ್ತಾರೆ. ಫೋಲ್ಡರ್ ತೆರೆಯುತ್ತದೆ, ನಿಜ. ಆದರೆ 2017ರಲ್ಲಿ ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವಾನ್ನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು ಎಸ್‌ಎಂಬಿ 1ರ ದೋಷ ಹಿಡಿದೇ. ಬ್ಯಾಂಕ್ ವ್ಯವಹಾರ ನಡೆಸುವ ಕಂಪ್ಯೂಟರಿನಲ್ಲಿ ಅದನ್ನು ಚಾಲೂ ಇಡಲು ನಾನು ಒಪ್ಪಲಿಲ್ಲ. ಫೈಲಿನ ಪ್ರತಿಯನ್ನು ಆಚೀಚೆ ಕಳಿಸುವ ಎಫ್‌ಟಿಪಿ ಹಾಕಿ ನೋಡಿದೆ. ರೈಟರ್ (ತೋಟದ ಗುಮಾಸ್ತ) ಬಳಿ ಒಂದು ಪ್ರತಿ, ನನ್ನ ಬಳಿ ಒಂದು. ಯಾವುದು ಹೊಸದೆಂಬ ತಕರಾರು ಮುಗಿಯಲೇ ಇಲ್ಲ.

ಕೊನೆಗೆ ಅಟ್ಟದಲ್ಲಿದ್ದ ಲ್ಯಾಪ್‌ಟಾಪಿಗೆ ಸಾವಿರದೈನೂರರ ಎಸ್‌ಎಸ್‌ಡಿ ಹಾಕಿ, ಡೆಬಿಯನ್ (ಉಚಿತ ಲಿನಕ್ಸ್ ವ್ಯವಸ್ಥೆ) ಮತ್ತು ಸಾಂಬಾ (ಲಿನಕ್ಸಿನಿಂದ ವಿಂಡೋಸಿಗೆ ಫೈಲ್ ಹಂಚುವ ಸಾಫ್ಟ್‌ವೇರ್) ಕೂರಿಸಿ ಎರಡು ಕಂಪ್ಯೂಟರುಗಳ ನಡುವೆ ಇಟ್ಟೆ. 4.11ರಿಂದೀಚೆಗಿನ ಸಾಂಬಾ ಎಸ್‌ಎಂಬಿ 1 ಅನ್ನು ತಾನಾಗಿ ಒಪ್ಪುವುದಿಲ್ಲ. ಅದರ ಸೆಟ್ಟಿಂಗ್‌ನಲ್ಲಿ ‘ಸರ್ವರ್ ಮಿನ್ ಪ್ರೊಟೊಕಾಲ್’ ಅನ್ನು ‘ಎನ್‌ಟಿ1’ಕ್ಕೆ (ಸಾಂಬಾದಲ್ಲಿ ಎಸ್‌ಎಂಬಿ 1ರ ಹೆಸರು) ಇಳಿಸಬೇಕು. ಇಳಿಸಿದರೂ ಎಕ್ಸ್‌ಪಿ ಪಾಸ್‌ವರ್ಡ್ ಕೇಳುತ್ತಲೇ ಇತ್ತು. ಬಹಳ ಜನ ಕೈಬಿಡುವುದು ಇಲ್ಲಿಯೇ. ಪಾಸ್‌ವರ್ಡ್ ಪರೀಕ್ಷಿಸುವ ಹಳೆಯ, ದುರ್ಬಲ ವಿಧಾನವಾದ ಎನ್‌ಟಿಎಲ್‌ಎಂಗೆ ಸಾಂಬಾದಲ್ಲಿ ಅನುಮತಿ ಕೊಡುವವರಿದ್ದಾರೆ. ಅದರ ಬದಲು ನಾನು ಎಕ್ಸ್‌ಪಿಯೇ ಹೊಸ ವಿಧಾನ (ಎನ್‌ಟಿಎಲ್‌ಎಂ 2) ಬಳಸಲೆಂದು, ಅದರ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ‘ಎಲ್‌ಎಂ ಕಂಪ್ಯಾಟಿಬಿಲಿಟಿ ಲೆವೆಲ್’ ಅನ್ನು 3 ಮಾಡಿದೆ. ರೀಸ್ಟಾರ್ಟ್ ಮಾಡಿದ್ದೇ ತಡ, ಫೋಲ್ಡರ್ ತೆರೆದುಕೊಂಡಿತು. ಅದೇ ಫೋಲ್ಡರನ್ನು ವಿಂಡೋಸ್ 10 ಎಸ್‌ಎಂಬಿ 3ರಲ್ಲಿ ಓದುತ್ತದೆ. ಮೂರಕ್ಕೂ ಸ್ಥಿರ ಐಪಿ ಕೊಟ್ಟಿದ್ದೇನೆ, ಎಕ್ಸ್‌ಪಿ ಇಂಟರ್ನೆಟ್ಟಿಗೆ ಹೋಗದಿರಲೆಂದು ಅದರಲ್ಲಿ ಗೇಟ್‌ವೇ ಜಾಗ ಖಾಲಿ ಬಿಟ್ಟಿದ್ದೇನೆ. ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರು ಕಾಣಲೆಂದು ಕಾಯುವುದು ದಂಡ. ಐಪಿ ಟೈಪ್ ಮಾಡಿ.

ಚೆಕ್‌ರೋಲ್ ಫೈಲುಗಳು ಡಿಬಿಎಫ್ ಎಂಬ ಹಳೆಯ ಡೇಟಾಬೇಸ್ ಮಾದರಿಯವು. ರೈಟರೂ ನಾನೂ ಒಟ್ಟಿಗೆ ತೆರೆದರೆ ಇಂಡೆಕ್ಸ್ ಕೆಡುತ್ತಿತ್ತು. ಅವಕ್ಕೆ ಮಾತ್ರ ಆಪ್‌ಲಾಕ್ (ಫೈಲಿನ ಬದಲಾವಣೆಗಳನ್ನು ತೆರೆದವರ ಕಂಪ್ಯೂಟರಿನಲ್ಲೇ ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ಬಿಡುವ ಸೌಲಭ್ಯ) ನಿಲ್ಲಿಸಿದ ಮೇಲೆ ಒಂದು ಸಲವೂ ಕೆಟ್ಟಿಲ್ಲ. ಬದಲಾದ ಫೈಲುಗಳನ್ನು ರಾತ್ರಿ ಇನ್ನೊಂದು ಡಿಸ್ಕಿಗೆ ಸಾಗಿಸುವ ಸ್ಕ್ರಿಪ್ಟನ್ನೂ ಬರೆದಿದ್ದೇನೆ. ಅದರ ಗುಟ್ಟು ಸದ್ಯಕ್ಕೆ ನನ್ನಲ್ಲೇ ಇರಲಿ.

ಕಣದಾಚೆಗೆ ವೈಫೈ ಎಳೆಯುವ ಪ್ರಯೋಗವನ್ನೂ ಮಾಡಿದೆ. ಹಳೆಯ ಕಾರ್ಡಿನಲ್ಲಿ ಸೆಕೆಂಡಿಗೆ ಎರಡು ಎಂಬಿ ದಾಟಲಿಲ್ಲ, ಕೇಬಲ್‌ನಲ್ಲಿ ಹತ್ತು, ಹನ್ನೊಂದು ಬರುತ್ತದೆ. ಆ ವೇಗ ಕಂಡು, ಅಪ್ಪನ ಕಾಲದಿಂದ ಇಂಚುಗಳಲ್ಲಿ ಬರೆದಿಟ್ಟ ಮಳೆ ಪುಸ್ತಕಗಳನ್ನೂ ಸ್ಕ್ಯಾನ್ ಮಾಡಿ ಅಲ್ಲಿಗೇ ಏರಿಸಿದೆ.

ನಮ್ಮ ಹವೆಗೆ ಹೇಳಲೇಬೇಕಾದದ್ದು ಇನ್ನೂ ಇದೆ. ಜುಲೈಯಲ್ಲಿ ಸಂಪರ್ಕ ಕಡಿದರೆ ಸಾಂಬಾವನ್ನು ದೂರಬೇಡಿ, ಪ್ಲಗ್ ಕಿತ್ತು ನೋಡಿ: ಹಿತ್ತಾಳೆ ಬಣ್ಣದ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಕೇಬಲಿನ ತುದಿ ಕತ್ತರಿಸಿ ಹೊಸ ಪ್ಲಗ್ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ). ಕರೆಂಟ್ ಹೋದಾಗಲೆಲ್ಲ ಎಕ್ಸ್‌ಪಿಯ ಗಡಿಯಾರ ಹಿಂದಕ್ಕೆ ಓಡಿದರೆ ಹೊಸ ಫೈಲೂ ಹಳೆಯ ತಾರೀಕು ಹೊತ್ತು ಬರುತ್ತದೆ. ಅದರ ಮದರ್‌ಬೋರ್ಡಿನಲ್ಲಿರುವ ಸಿಆರ್2032 ಬ್ಯಾಟರಿ ಬದಲಿಸಿ. ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಗುಡುಗು ಶುರುವಾಯಿತೆಂದರೆ ಕೇಬಲನ್ನು ಎರಡೂ ತುದಿಗಳಲ್ಲಿ ಕೀಳಿ. ನನ್ನ ಮೊದಲ ಸ್ವಿಚ್ಚಿನ ಪೋರ್ಟುಗಳು ಸುಟ್ಟದ್ದು ಅಂಥ ಒಂದು ಸಂಜೆ. ಹೊಸದಕ್ಕೆ ಎಂಟುನೂರೋ ಒಂಬೈನೂರೋ ಕೊಟ್ಟೆ.