ಮನೆಯೊಳಗಿನ ವಿಷದ ಬಾಟಲಿಗಳು: ಬಳಸುವುದು ಹೇಗೆ, ಬಿಸಾಡುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಬಚ್ಚಲು ತೊಳೆಯುತ್ತಿದ್ದೆ. ಆಸಿಡ್ ಇರುವ ಕ್ಲೀನರ್ ಹಾಕಿ ಉಜ್ಜಿದರೂ ಕಲೆ ಹೋಗಲಿಲ್ಲ. ಅದರ ಮೇಲೆಯೇ ಒಂದಿಷ್ಟು ಬ್ಲೀಚ್ ಸುರಿದೆ. ಎರಡೂ ಸೇರಿದರೆ ಜಾಸ್ತಿ ಬೆಳ್ಳಗಾಗುತ್ತದೆ ಎಂದುಕೊಂಡಿದ್ದೆ. ಅರೆಕ್ಷಣದಲ್ಲಿ ಘಾಟು ಎದ್ದು ಗಂಟಲು ಕಟ್ಟಿತು, ಕಣ್ಣು ಉರಿಯಿತು. ಹೊರಗೆ ಓಡಿ ಬಂದರೂ ಕೆಮ್ಮು ನಿಲ್ಲಲು ತುಂಬಾ ಹೊತ್ತು ಬೇಕಾಯಿತು. ಆಗ ಹುಟ್ಟಿದ್ದು ಕ್ಲೋರಿನ್ ಅನಿಲ. ಎರಡೂ ಬಾಟಲಿಗಳ ಲೇಬಲ್ ಮೇಲೆ ಎಚ್ಚರಿಕೆ ಅಚ್ಚಾಗಿತ್ತು. ನಾನು ಓದಿರಲಿಲ್ಲ, ಅಷ್ಟೇ.

ಹಾಗಾಗಿ ಲೇಬಲ್‌ನಿಂದಲೇ ಶುರು ಮಾಡೋಣ.

1. ಮೊದಲು ಎಲ್ಲವನ್ನೂ ಹೊರಗೆ ತೆಗೆಯಿರಿ

ಸಿಂಕ್ ಕೆಳಗೆ, ಬಚ್ಚಲಲ್ಲಿ, ಅಟ್ಟದ ಮೇಲೆ ಏನೇನಿದೆ ನೋಡಿ. ಬ್ಲೀಚ್, ಫಿನಾಯಿಲ್, ಪೈಪ್ ಕಟ್ಟಿಕೊಂಡರೆ ಹಾಕುವ ಪುಡಿ, ಜಿರಳೆ ಔಷಧಿ, ಇಲಿ ಪಾಷಾಣ, ನುಸಿಗುಳಿಗೆ, ಥಿನ್ನರ್, ಹಳೆಯ ಪೇಂಟ್, ಸ್ಪ್ರೇ ಡಬ್ಬಿಗಳು, ಬ್ಯಾಟರಿಗಳು. ಪಟ್ಟಿ ನಾವು ಅಂದುಕೊಂಡಿದ್ದಕ್ಕಿಂತ ಉದ್ದವೇ ಇರುತ್ತದೆ.

ಒಂದೊಂದರ ಲೇಬಲ್ ನೋಡಿ. ಕೆಂಪು ಅಂಚಿನ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದಂತಿರುವ ಗುರುತು ಇದೆಯೇ? ಅದರೊಳಗೆ ಬೆಂಕಿಯ ಚಿತ್ರವಿದ್ದರೆ ಬೇಗ ಹೊತ್ತಿಕೊಳ್ಳುವ ವಸ್ತು. ತಲೆಬುರುಡೆ ಇದ್ದರೆ ಸ್ವಲ್ಪವೇ ದೇಹ ಸೇರಿದರೂ ಜೀವಕ್ಕೆ ಅಪಾಯ ತರುವ ವಿಷ. ಕೈ ಮೇಲೆ ಹನಿ ಬೀಳುತ್ತಿರುವ ಚಿತ್ರವಿದ್ದರೆ ಚರ್ಮ, ಕಣ್ಣು ಸುಡುವಂಥದ್ದು. ಓದು ಬಾರದವರಿಗೂ ತಿಳಿಯಲಿ ಎಂದೇ ಈ ಚಿತ್ರಗಳನ್ನು ಮಾಡಿದ್ದಾರೆ. ಮನೆಮಂದಿಗೆಲ್ಲ ಒಮ್ಮೆ ತೋರಿಸಿ.

2. ಬಾಟಲಿ ಬದಲಿಸಬೇಡಿ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು. ದೊಡ್ಡ ಕ್ಯಾನ್‌ನಿಂದ ಸ್ವಲ್ಪ ಸೀಮೆಎಣ್ಣೆಯನ್ನೋ ಆಸಿಡ್ಡನ್ನೋ ಖಾಲಿ ನೀರಿನ ಬಾಟಲಿಗೆ ಸುರಿದು ಮೂಲೆಯಲ್ಲಿಡುತ್ತೇವೆ. ನೋಡಲು ನೀರಿನಂತೆಯೇ ಇರುತ್ತದೆ. ಬಾಯಾರಿದ ಮಗುವಿಗೆ, ಕತ್ತಲಲ್ಲಿ ತಡಕಾಡುವ ಅಜ್ಜನಿಗೆ ಅದು ನೀರೇ ಅಲ್ವಾ? ತಂದ ಬಾಟಲಿಯಲ್ಲೇ, ಲೇಬಲ್ ಸಮೇತ ಇರಲಿ. ಲೇಬಲ್ ಕಿತ್ತುಹೋಗುವಂತಿದ್ದರೆ ಮೇಲೆ ಟೇಪ್ ಅಂಟಿಸಿ.

3. ಒಂದರ ಜೊತೆ ಇನ್ನೊಂದನ್ನು ಬೆರೆಸಬೇಡಿ

ಬ್ಲೀಚ್‌ಗೆ ಆಸಿಡ್ ಸೇರಿದರೆ ಕ್ಲೋರಿನ್ ಏಳುತ್ತದೆ. ವಿನೆಗರ್ ಕೂಡ ಆಸಿಡ್ಡೇ ಎಂಬುದನ್ನು ಮರೆಯಬೇಡಿ. ಬ್ಲೀಚ್‌ಗೆ ಅಮೋನಿಯಾ ಸೇರಿದರೆ ಕ್ಲೋರಮೈನ್ ಎಂಬ ಇನ್ನೊಂದು ವಿಷಾನಿಲ. ಕೆಲವು ಗಾಜು ಒರೆಸುವ ದ್ರವಗಳಲ್ಲಿ ಅಮೋನಿಯಾ ಇರುತ್ತದೆ. ಕ್ಲೋರಿನ್ ಗಾಳಿಗಿಂತ ಭಾರ. ಕಿಟಕಿಯಿಲ್ಲದ ಸಣ್ಣ ಬಚ್ಚಲಲ್ಲಿ ನೆಲದ ಹತ್ತಿರವೇ ತುಂಬಿಕೊಳ್ಳುತ್ತದೆ. ಬಗ್ಗಿ ಉಜ್ಜುವವರ ಮೂಗಿಗೇ ಮೊದಲು ತಾಗುತ್ತದೆ.

ಬ್ಲೀಚ್‌ಗೆ ನೀರು ಬಿಟ್ಟು ಬೇರೇನೂ ಬೇಡ. ಒಂದು ಕ್ಲೀನರ್‌ನಿಂದ ಕಲೆ ಹೋಗದಿದ್ದರೆ ಚೆನ್ನಾಗಿ ನೀರು ಹಾಕಿ ತೊಳೆದು, ಇನ್ನೊಂದನ್ನು ಬೇರೆ ದಿನ ಬಳಸಿ.

ಪೈಪ್ ಬಿಡಿಸುವ ಪುಡಿಯಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಇರುತ್ತದೆ. ನೀರು ತಾಗಿದ ಕೂಡಲೇ ಕುದಿಯುವಷ್ಟು ಬಿಸಿಯಾಗಬಹುದು. ಕರಗಿಸಬೇಕಾದರೆ ತಣ್ಣೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಪುಡಿಯ ಮೇಲೆ ನೀರು ಸುರಿಯಬೇಡಿ, ಮುಖಕ್ಕೇ ಸಿಡಿಯುತ್ತದೆ. ರಬ್ಬರ್ ಕೈಗವಸು ಮತ್ತು ಕಣ್ಣು ಕಾಯುವ ಸುರಕ್ಷಾ ಕನ್ನಡಕ ಬೇಕೇ ಬೇಕು.

4. ಇಡುವ ಜಾಗ

ಮಕ್ಕಳ ಕೈಗೆ ಎಟುಕದ, ಬೀಗ ಹಾಕುವ ಕಪಾಟು ಒಳ್ಳೆಯದು. ಬ್ಲೀಚ್ ಮತ್ತು ಆಸಿಡ್ ಒಂದೇ ತಟ್ಟೆಯಲ್ಲಿ ಬೇಡ, ಸೋರಿದರೆ ಅಲ್ಲೇ ಬೆರೆಯುತ್ತವೆ. ಥಿನ್ನರ್, ಸ್ಪ್ರೇ ಡಬ್ಬಿ ಒಲೆಯಿಂದ ದೂರ ಇರಲಿ.

ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯ ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಒಣಗುವಾಗ ಆ ಎಣ್ಣೆ ಬಿಸಿಯಾಗುತ್ತದೆ. ಬಟ್ಟೆಯನ್ನು ಮುದುರಿ ಎಸೆದರೆ ಬಿಸಿ ಒಳಗೇ ಉಳಿದು, ಯಾರೂ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಹರಡಿ ಪೂರ್ತಿ ಒಣಗಿಸಿ. ಇಲ್ಲವೇ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಿ.

5. ಬಿಸಾಡುವಾಗ

ಬೇಕಾದಷ್ಟೇ ತಂದು, ತಂದದ್ದನ್ನು ಪೂರ್ತಿ ಬಳಸಿದರೆ ಅರ್ಧ ತಲೆನೋವು ಇಲ್ಲ. ಉಳಿದರೆ ಒಂದೊಂದಕ್ಕೆ ಒಂದೊಂದು ದಾರಿ.

ಥಿನ್ನರ್, ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್, ಕೀಟನಾಶಕ: ಇವನ್ನು ಚರಂಡಿಗೂ ಮಣ್ಣಿಗೂ ಸುರಿಯಬಾರದು. ಕೊನೆಗೆ ಸೇರುವುದು ಕೆರೆ, ಬಾವಿಯನ್ನೇ. ಥಿನ್ನರ್‌ನ ಆವಿ ಪೈಪಿನೊಳಗೆ ಹರಡಿ ದೂರದ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದು. ಮುಚ್ಚಳ ಬಿಗಿ ಮಾಡಿ, ನಿಮ್ಮ ಸ್ಥಳೀಯ ಆಡಳಿತ ಅಪಾಯಕಾರಿ ಕಸ ಪಡೆಯುವ ಕಡೆ ಕೊಡಿ. ಸುಡುವುದಂತೂ ಬೇಡವೇ ಬೇಡ, ವಿಷ ಹೊಗೆಯಾಗಿ ನಮ್ಮ ಮೂಗಿಗೇ ಬರುತ್ತದೆ.

ನೀರಿನಲ್ಲಿ ಕರಗುವ ಪೇಂಟ್ ಸ್ವಲ್ಪ ಉಳಿದಿದ್ದರೆ ಮರದ ಹೊಟ್ಟು ಅಥವಾ ಮರಳು ಬೆರೆಸಿ, ಗಟ್ಟಿಯಾದ ಮೇಲೆ, ನಿಮ್ಮ ಸ್ಥಳೀಯ ಆಡಳಿತ ಒಪ್ಪಿದರೆ ಒಣಕಸಕ್ಕೆ ಹಾಕಬಹುದು. ಎಣ್ಣೆ ಪೇಂಟ್‌ಗೆ ಈ ದಾರಿ ಇಲ್ಲ, ಅದೂ ಅಪಾಯಕಾರಿ ಕಸವೇ. ಸ್ಪ್ರೇ ಡಬ್ಬಿ ಖಾಲಿಯಾದಂತೆ ಕಂಡರೂ ತೂತು ಮಾಡಬೇಡಿ.

ಲಿಥಿಯಂ ಬ್ಯಾಟರಿಯ ಎರಡೂ ತುದಿಗೆ ಟೇಪ್ ಅಂಟಿಸಿ ಇ-ಕಸ ಸಂಗ್ರಹಕ್ಕೆ ಕೊಡಿ. ತುದಿಗಳು ಲೋಹಕ್ಕೆ ತಾಗಿದರೆ ಕಸದ ಗಾಡಿಯೇ ಹೊತ್ತಿಕೊಳ್ಳಬಹುದು. ಕಸ ಬೇರ್ಪಡಿಸುವವರು ಬರಿಗೈಯಲ್ಲಿ ಕೆಲಸ ಮಾಡುತ್ತಾರೆ. ನಮ್ಮ ಅಸಡ್ಡೆಗೆ ಅವರ ಕೈ ಸುಡಬಾರದು.

ಎಲ್‌ಇಡಿ ಅಲ್ಲದ ಹಳೆಯ ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬ್, ಹಳೆಯ ಥರ್ಮಾಮೀಟರ್‌ಗಳಲ್ಲಿ ಪಾದರಸ ಇರುತ್ತದೆ. ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆಯಿರಿ. ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ, ಅವು ಪಾದರಸವನ್ನು ಇನ್ನಷ್ಟು ಹರಡುತ್ತವೆ. ಕೈಗವಸು ಹಾಕಿ, ಗಟ್ಟಿ ರಟ್ಟಿನಿಂದ ಬಳಿದು, ಉಳಿದ ಚೂರನ್ನು ಟೇಪಿಗೆ ಅಂಟಿಸಿ ತೆಗೆದು, ಗಾಜಿನ ಜಾಡಿಯಲ್ಲಿ ಮುಚ್ಚಿ ಅಪಾಯಕಾರಿ ಕಸ ಪಡೆಯುವ ಕಡೆ ಕೊಡಿ.

6. ಅನಾಹುತ ಆಗಿಬಿಟ್ಟರೆ

ಕಣ್ಣಿಗೆ ಅಥವಾ ಚರ್ಮಕ್ಕೆ ಸಿಡಿದರೆ ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಎರಡು ನಿಮಿಷಕ್ಕೆ ಸಾಕು ಅನ್ನಿಸಿಬಿಡುತ್ತದೆ. ಒದ್ದೆಯಾದ ಬಟ್ಟೆ ತೆಗೆಯಿರಿ. ಘಾಟು ಕುಡಿದವರನ್ನು ತಕ್ಷಣ ಬಯಲಿಗೆ ಕರೆತನ್ನಿ.

ನುಂಗಿದ್ದರೆ ವಾಂತಿ ಮಾಡಿಸಬೇಡಿ, ಉಪ್ಪು ನೀರು ಕುಡಿಸಬೇಡಿ. ಆಸಿಡ್ ಅಥವಾ ಕಾಸ್ಟಿಕ್ ಸೋಡಾ ಇಳಿಯುವಾಗ ಒಮ್ಮೆ ಸುಟ್ಟಿರುತ್ತದೆ, ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ. ಸೀಮೆಎಣ್ಣೆ ವಾಂತಿಯಲ್ಲಿ ಶ್ವಾಸಕೋಶಕ್ಕೆ ನುಗ್ಗುತ್ತದೆ. ಮಗು ಬಟನ್ ಬ್ಯಾಟರಿ ನುಂಗಿದ ಅನುಮಾನ ಬಂದರೂ ಸಾಕು, ಆ ಕ್ಷಣವೇ ಹೊರಡಿ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಆಳವಾಗಿ ಸುಡಬಲ್ಲದು.

ಆಸ್ಪತ್ರೆಗೆ ಹೊರಡುವಾಗ ಬಾಟಲಿಯನ್ನು, ಬ್ಯಾಟರಿಯಾದರೆ ಅದರ ಪೊಟ್ಟಣವನ್ನು ಮರೆಯದೆ ಜೊತೆಗೆ ಒಯ್ಯಿರಿ. ಏನು ನುಂಗಿದ್ದು, ಎಷ್ಟು, ಯಾವಾಗ ಎಂದು ವೈದ್ಯರು ಕೇಳುತ್ತಾರೆ. ಮೊದಲ ಪ್ರಶ್ನೆಗೆ ಉತ್ತರ ಆ ಲೇಬಲ್ ಮೇಲೆಯೇ ಇರುತ್ತದೆ.